ಆರು ಮತದಾರರ ಊರು, 34 ಜನರ ಬಜೆಟ್

ಪ್ರಶ್ನೆ: ಅಮೆರಿಕದ ಡಿಕ್ಸ್‌ವಿಲ್ ನಾಚ್ ಎಂಬ ಪುಟ್ಟ ಊರಿನಲ್ಲಿ ಮಧ್ಯರಾತ್ರಿಯೇ ಮತದಾನ ಮುಗಿದುಹೋಗುತ್ತದೆ, ನೂರಕ್ಕೆ ನೂರು ಜನ ಮತ ಹಾಕುತ್ತಾರೆ ಎಂದು ಓದಿದೆ. ಅಲ್ಲಿನ ಸಣ್ಣ ಊರುಗಳಲ್ಲೆಲ್ಲ ಹೀಗೇನಾ? ಅದರ ಫಲಿತಾಂಶ ನೋಡಿ ಅಧ್ಯಕ್ಷರು ಯಾರಾಗ್ತಾರೆ ಅಂತ ಹೇಳಬಹುದಾ?

ಉತ್ತರ: ನೀವು ಓದಿದ್ದು ನಿಜ. ಈ ಊರು ಇರುವುದು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಉತ್ತರದ ತುದಿಯಲ್ಲಿ. 1960ರಿಂದ ಅಲ್ಲಿ ಚುನಾವಣೆ ದಿನ ಶುರುವಾಗುವಾಗಲೇ, ರಾತ್ರಿ ಹನ್ನೆರಡು ಹೊಡೆದ ಕೂಡಲೇ ಮತ ಹಾಕುತ್ತಾರೆ. ಪಟ್ಟಿಯಲ್ಲಿರುವ ಎಲ್ಲರೂ ಮತ ಹಾಕಿದ್ದರೆ ಮತಗಟ್ಟೆ ಮುಚ್ಚಿ ಎಣಿಸಬಹುದು ಅನ್ನುವ ನಿಯಮ ಇರುವುದರಿಂದ ಕೆಲವೇ ನಿಮಿಷದಲ್ಲಿ ಫಲಿತಾಂಶ ಹೊರಬೀಳುತ್ತದೆ. ಅಂದರೆ ನೂರಕ್ಕೆ ನೂರು ಆಗದೆ ಎಣಿಕೆ ಶುರುವೇ ಆಗೋದಿಲ್ಲ! 2024ರಲ್ಲಿ ಅಲ್ಲಿ ಮತ ಹಾಕಿದವರು ಆರು ಜನ. ಹ್ಯಾರಿಸ್‌ಗೆ ಮೂರು, ಟ್ರಂಪ್‌ಗೆ ಮೂರು.

ಭವಿಷ್ಯ ಹೇಳೋಕೆ ಮಾತ್ರ ಇದನ್ನು ನಂಬಬೇಡಿ. 1960ರಲ್ಲಿ ಒಂಬತ್ತಕ್ಕೆ ಒಂಬತ್ತು ಮತವೂ ನಿಕ್ಸನ್‌ಗೆ ಬಿತ್ತು, ದೇಶ ಆರಿಸಿದ್ದು ಕೆನಡಿಯನ್ನು. 2016ರಲ್ಲಿ ಹಿಲರಿ ಕ್ಲಿಂಟನ್ ಅಲ್ಲಿ 4-2ರಿಂದ ಟ್ರಂಪ್‌ಗಿಂತ ಮುಂದಿದ್ದರು, ಆಮೇಲೆ ಏನಾಯ್ತು ಗೊತ್ತೇ ಇದೆ. ನನಗೆ ಇನ್ನೊಂದು ವಿಷಯ ಕಾಡುತ್ತದೆ. 2020ರಲ್ಲಿ ಐದೂ ಮತ ಬೈಡನ್‌ಗೆ ಹೋದವು. ಆಗ ಯಾರು ಯಾರಿಗೆ ಹಾಕಿದರು ಅನ್ನೋದು ಗುಟ್ಟಾಗಿ ಉಳಿಯಲೇ ಇಲ್ಲ, ಅಲ್ವಾ?

ಸಣ್ಣ ಊರುಗಳಲ್ಲೆಲ್ಲ ಹೀಗೇನಾ ಅಂದ್ರೆ, ಖಂಡಿತ ಇಲ್ಲ. ಅದಕ್ಕೆ ಅದೇ ರಾಜ್ಯದ ಕ್ರಾಯ್ಡನ್ ಊರಿನ ಕತೆ ಹೇಳಲೇಬೇಕು. ಅಲ್ಲಿ ಸುಮಾರು 800 ಜನ ಇದ್ದಾರೆ. ಆ ಭಾಗದಲ್ಲಿ ಊರಿನ ಖರ್ಚು, ಶಾಲೆಯ ಖರ್ಚು ಎಲ್ಲವನ್ನೂ ವರ್ಷಕ್ಕೊಮ್ಮೆ ಸಭೆ ಸೇರಿ ಜನರೇ ಮತ ಹಾಕಿ ತೀರ್ಮಾನಿಸುವ ಹಳೆಯ ಪದ್ಧತಿ ಇದೆ. ಪ್ರತಿನಿಧಿ ಅಂತ ನಡುವೆ ಯಾರೂ ಇಲ್ಲ, ಬಂದವರ ಮಾತೇ ಕೊನೆ. 2022ರ ಮಾರ್ಚ್‌ನಲ್ಲಿ ಸಭೆ ನಡೆದ ದಿನ ಹಿಮ ಬೀಳುತ್ತಿತ್ತು, ಶಾಲೆಯ ಬಜೆಟ್ ಎಂದಿನಂತೆ ಪಾಸಾಗುತ್ತೆ ಅಂತ ಹೆಚ್ಚಿನವರು ಮನೆಯಲ್ಲೇ ಉಳಿದರು. ಸಭೆಯಲ್ಲೇ ಒಬ್ಬರು ಎದ್ದು, 17 ಲಕ್ಷ ಡಾಲರ್ ಬಜೆಟನ್ನು 8 ಲಕ್ಷಕ್ಕೆ ಇಳಿಸಬೇಕು ಎಂದು ತಿದ್ದುಪಡಿ ತಂದರು. ಪರ 20, ವಿರುದ್ಧ 14. ಅಷ್ಟೇ. ಒಂದೂರಿನ ಮಕ್ಕಳ ಓದಿನ ದುಡ್ಡು ಅರ್ಧಕ್ಕಿಂತ ಕಡಿಮೆಯಾಯಿತು!

ಊರಿಗೆ ಊರೇ ಎದ್ದು ಕೂತಿತು. ಮತ್ತೆ ಸಭೆ ಕರೆಯಲು ಅವಕಾಶ ಇತ್ತು, ಆದರೆ ಪಟ್ಟಿಯಲ್ಲಿರುವ ಮತದಾರರಲ್ಲಿ ಅರ್ಧದಷ್ಟು ಜನ ಬರದಿದ್ದರೆ ಹಳೆಯ ತೀರ್ಮಾನ ಬದಲಾಗುವಂತಿರಲಿಲ್ಲ. ಊರಿನವರು ಮನೆಮನೆಗೆ ಹೋಗಿ ಬಾಗಿಲು ತಟ್ಟಿದರು, ಫೋನ್ ಮಾಡಿದರು. ಮೇ ತಿಂಗಳಲ್ಲಿ 379 ಜನ ಬಂದರು. 377 ಮತ ಹಳೆಯ ಬಜೆಟ್ ವಾಪಸ್ ತರುವುದರ ಪರ, ಎರಡೇ ಎರಡು ವಿರುದ್ಧ. ಹಾಗಂತ ಊರಲ್ಲಿ ಎರಡೇ ಜನ ವಿರೋಧಿಗಳಿದ್ದರು ಅಂದುಕೊಳ್ಳಬೇಡಿ. ಅರ್ಧ ಜನ ಬರದಿದ್ದರೆ ಸಭೆ ಬಿದ್ದುಹೋಗುತ್ತಿತ್ತು, ಆದ್ದರಿಂದ ಕಡಿತ ಬೇಕಿದ್ದವರಿಗೆ ಬಂದು ವಿರೋಧಿಸುವುದಕ್ಕಿಂತ ಮನೆಯಲ್ಲಿ ಕೂರುವುದೇ ಲಾಭ. ಸಣ್ಣ ಊರಿನ ಅಂಕಿ ಓದುವಾಗ ಇಂಥ ನಿಯಮವನ್ನೂ ನೋಡಬೇಕು.

ಅಧ್ಯಕ್ಷರ ಚುನಾವಣೆ ಬಂದರೆ ಅಮೆರಿಕದಲ್ಲಿ ಜನ ಬರುತ್ತಾರೆ. 2020ರಲ್ಲಿ ಅರ್ಹರಲ್ಲಿ ಶೇ. 66ರಷ್ಟು ಜನ ಮತ ಹಾಕಿದರು, ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಅದೇ ಜಾಸ್ತಿ. 2022ರ ಮಧ್ಯಂತರ ಚುನಾವಣೆಯಲ್ಲಿ (ಅಧ್ಯಕ್ಷರ ಅವಧಿಯ ನಡುವೆ ಸಂಸತ್ತಿಗೆ ನಡೆಯುವ ಚುನಾವಣೆ) ಅದು ಶೇ. 46ರ ಆಸುಪಾಸಿಗೆ ಇಳಿಯಿತು. ಊರಿನ ಮಟ್ಟದ ಚುನಾವಣೆ ಬೇರೆ ದಿನ ನಡೆದರೆ ಇನ್ನೂ ಕಡಿಮೆ. ಜನ ಸೋಮಾರಿಗಳು ಅಂತ ಸುಮ್ನೆ ಬೈಯುವುದನ್ನು ನಾನು ಒಪ್ಪೋದಿಲ್ಲ. ಟಿವಿಯಲ್ಲಿ ಸುದ್ದಿಯಿಲ್ಲ, ದಿನ ಬೇರೆ, ಯಾರೂ ಬಂದು ಹೇಳೋದೂ ಇಲ್ಲ. ಕ್ರಾಯ್ಡನ್‌ನಲ್ಲಿ ಎರಡು ತಿಂಗಳಲ್ಲಿ ಜನ ಬದಲಾಗಲಿಲ್ಲ, ಬಾಗಿಲು ತಟ್ಟುವವರು ಬಂದರು.

ಪ್ರಶ್ನೆ: ಅಲ್ಲಿ ಮಂಗಳವಾರವೇ ಯಾಕೆ ಮತದಾನ? ಭಾನುವಾರ ಇಟ್ಟರೆ ಜಾಸ್ತಿ ಜನ ಬರೋದಿಲ್ವಾ?

ಉತ್ತರ: 1845ರ ಕಾನೂನು ಅದು. ನವೆಂಬರ್‌ನ ಮೊದಲ ಸೋಮವಾರದ ಮರುದಿನ ಅಂತ ನಿಗದಿ ಮಾಡಿದರು. ಆಗ ಹೆಚ್ಚಿನವರು ರೈತರು, ನವೆಂಬರ್ ಹೊತ್ತಿಗೆ ಕೊಯ್ಲು ಮುಗಿದಿರುತ್ತಿತ್ತು. ಭಾನುವಾರ ಚರ್ಚು, ಮತಗಟ್ಟೆಗೆ ಕುದುರೆ ಗಾಡಿಯಲ್ಲಿ ಒಂದು ದಿನದ ದಾರಿ, ಹಾಗಾಗಿ ಸೋಮವಾರ ಹೊರಟು ಮಂಗಳವಾರ ಮತ ಹಾಕಬಹುದಿತ್ತು. ಈಗ ದುಡಿಯುವವರಿಗೆ ಅದೇ ದಿನ ಕಷ್ಟ, ದೇಶಕ್ಕೆಲ್ಲ ರಜೆಯೂ ಇಲ್ಲ. ನನ್ನನ್ನು ಕೇಳಿದರೆ ಅದು ಬದಲಾಗಬೇಕು. ಕೆಲವು ರಾಜ್ಯಗಳು ರಜೆ ಕೊಡುತ್ತವೆ, ಆರೆಗಾನ್‌ನಂಥ ರಾಜ್ಯದಲ್ಲಿ ಮತಪತ್ರ ಅಂಚೆಯಲ್ಲೇ ಮನೆಗೆ ಬರುತ್ತದೆ.