ಹೊಸ ಕ್ಲಚ್ ಸೆಟ್ ಹಾಕಿಸಿದ ಮೇಲೆ ಮಾರುತಿ 800ರಲ್ಲಿ ರಿವರ್ಸ್ ಗೇರ್ ಬೀಳುತ್ತಿಲ್ಲ, ಏನು ಮಾಡಲಿ?

ಪೆಡಲ್ ನೆಲಕ್ಕೆ ತಾಗುವಷ್ಟು ಒತ್ತಿದರೂ ರಿವರ್ಸ್ ಹಾಕುವಾಗ ಕರ್ರ್ ಎನ್ನುತ್ತದೆ, ಫಸ್ಟ್ ಗೇರಿನಲ್ಲಿ ಗಾಡಿ ತಾನಾಗಿಯೇ ಮುಂದಕ್ಕೆ ಎಳೆಯುತ್ತದೆ, ಮೆಕ್ಯಾನಿಕ್ ಮಾತ್ರ "ಐನೂರು ಕಿಲೋಮೀಟರ್ ಓಡಿಸಿ, ಸೆಟ್ ಆಗುತ್ತೆ" ಎನ್ನುತ್ತಾರೆ ಅಂತ ಬರೆದಿದ್ದೀರಿ. ದಯವಿಟ್ಟು ಹಾಗೆ ಓಡಿಸಬೇಡಿ. ಹೊಸ ಕ್ಲಚ್ ಪ್ಲೇಟ್ ಕೂರಲು ಒಂದಷ್ಟು ಓಟ ಬೇಕು, ನಿಜ. ಗಾಡಿ ಹೊರಡುವಾಗಿನ ನಡುಕ ಅದರಿಂದ ಕಡಿಮೆಯಾಗಬಹುದು. ಆದರೆ ಪೆಡಲ್ ಒತ್ತಿದಾಗ ಕ್ಲಚ್ ಇಂಜಿನ್ನನ್ನೂ ಗೇರ್‌ಬಾಕ್ಸನ್ನೂ ಪೂರ್ತಿ ಬೇರೆ ಮಾಡದಿದ್ದರೆ ಅದು ಓಡಿಸಿ ಸರಿಹೋಗುವ ವಿಷಯವಲ್ಲ. ಸುಮ್ನೆ ಗೇರಿನ ಹಲ್ಲು ಸವೆಯುತ್ತದೆ.

ಮೊದಲು ಇಂಜಿನ್ ಆಫ್ ಮಾಡಿ ಎಲ್ಲ ಗೇರ್ ಹಾಕಿ ನೋಡಿ. ಸಲೀಸಾಗಿ ಬಿದ್ದರೆ ಗೇರ್ ಲಿವರಿನ ಕಡೆ ತೊಂದರೆ ಇರುವ ಸಾಧ್ಯತೆ ಕಡಿಮೆ. ಆಮೇಲೆ ಸ್ಟಾರ್ಟ್ ಮಾಡಿ, ಪೆಡಲ್ ಪೂರ್ತಿ ಒತ್ತಿ, ಮನಸ್ಸಿನಲ್ಲೇ ನಾಲ್ಕು ಎಣಿಸಿ ರಿವರ್ಸ್ ಹಾಕಿ. ಈ ಗಾಡಿಯ ರಿವರ್ಸ್‌ಗೆ ಸಿಂಕ್ರೋ (ಗೇರ್‌ಗಳ ವೇಗ ಹೊಂದಿಸಿ ಸಲೀಸಾಗಿ ಬೀಳುವಂತೆ ಮಾಡುವ ಭಾಗ) ಇಲ್ಲ, ಹಾಗಾಗಿ ಅದು ಏನನ್ನೂ ಮುಚ್ಚಿಡುವುದಿಲ್ಲ. ಅಷ್ಟು ಕಾದ ಮೇಲೂ ಕರ್ರ್ ಎಂದರೆ ಕ್ಲಚ್ ಪ್ಲೇಟ್ ಒಳಗೆ ಇನ್ನೂ ತಿರುಗುತ್ತಿದೆ ಎಂದರ್ಥ.

ಈಗ ಪೆಡಲಿನಿಂದ ಗೇರ್‌ಬಾಕ್ಸಿಗೆ ಹೋಗುವ ಕ್ಲಚ್ ಕೇಬಲ್ ನೋಡಿ. ಹೆಚ್ಚಿನವರು ಎಡವುವುದು ಇಲ್ಲೇ. ಹಳೆಯ ಪ್ಲೇಟ್ ಸವೆದ ಹಾಗೆ ಅದನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟಿನ ಬೆರಳುಗಳು, ಪೆಡಲ್ ತುಳಿದಾಗ ಅವುಗಳನ್ನು ಒತ್ತುವ ರಿಲೀಸ್ ಬೇರಿಂಗ್ ಕಡೆ ಬರುತ್ತವೆ, ಪೆಡಲಿನ ಫ್ರೀ ಪ್ಲೇ (ಕ್ಲಚ್ ಕೆಲಸ ಶುರುಮಾಡುವ ಮೊದಲಿನ ಸಡಿಲು ಆಟ) ಕಡಿಮೆಯಾಗುತ್ತದೆ. ಅದಕ್ಕೇ ವರ್ಷಗಳಿಂದ ಕೇಬಲನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತಾ ಬಂದಿರುತ್ತಾರೆ. ಹೊಸ ದಪ್ಪ ಪ್ಲೇಟ್ ಹಾಕಿದಾಗ ಬೆರಳುಗಳು ಮತ್ತೆ ಫ್ಲೈವೀಲ್ (ಇಂಜಿನ್ ತುದಿಯಲ್ಲಿ ತಿರುಗುವ ಭಾರದ ಚಕ್ರ) ಕಡೆ ಸರಿಯುತ್ತವೆ. ಕೇಬಲ್ ಮಾತ್ರ ಹಳೆಯ ಸೆಟ್ಟಿಂಗಿನಲ್ಲೇ ಉಳಿದರೆ ಪೆಡಲಿನ ಅರ್ಧ ಓಟ ಸಡಿಲು ಎಳೆಯುವುದಕ್ಕೇ ಮುಗಿಯುತ್ತದೆ, ಅಲ್ವಾ? ಗೇರ್‌ಬಾಕ್ಸ್ ಕಡೆಯ ನಟ್ ತಿರುಗಿಸಿ, ಕೇಬಲ್ ಎಳೆಯುವ ರಿಲೀಸ್ ಲಿವರಿನ ತುದಿಯಲ್ಲಿ 2ರಿಂದ 4 ಮಿಲಿಮೀಟರ್ ಆಟ ಉಳಿಸಿ. ಪೂರ್ತಿ ಬಿಗಿ ಮಾಡಬೇಡಿ. ಹಾಗೆ ಮಾಡಿದರೆ ಬೇರಿಂಗ್ ಯಾವಾಗಲೂ ಒತ್ತಿಕೊಂಡೇ ಇರುತ್ತದೆ, ಕ್ಲಚ್ ಜಾರಿ ಪ್ಲೇಟ್ ಸುಡುತ್ತದೆ. ಶಿರಾಡಿಯಂಥ ಘಾಟಿ ಹತ್ತುವಾಗ ಇಂಜಿನ್ ಸದ್ದು ಏರಿ ಗಾಡಿ ಮಾತ್ರ ಏರದಿದ್ದರೆ ಅದೇ ಜಾರುವುದು.

ಹಳೆಯ ಕೇಬಲನ್ನೇ ಬಿಟ್ಟಿದ್ದರೆ ಬದಲಿಸಿ. ಇಂಜಿನ್ ಆಫ್ ಇರುವಾಗ ಒಬ್ಬರಿಗೆ ಪೆಡಲ್ ಒತ್ತಲು ಹೇಳಿ, ನೀವು ಬಾನೆಟ್ ತೆಗೆದು ರಿಲೀಸ್ ಲಿವರ್ ನೋಡಿ. ಎಳೆ ಬಿಚ್ಚಿದ ಕೇಬಲ್ ತಾನೇ ಹಿಗ್ಗುತ್ತದೆ, ಲಿವರನ್ನು ಪೂರ್ತಿ ಎಳೆಯುವುದಿಲ್ಲ.

ನನ್ನ 800ರಲ್ಲಿ ಕೇಬಲ್ ಸರಿಮಾಡಿದರೂ ಹೋಗಲಿಲ್ಲ. ಎರಡನೇ ಸಲ ಗೇರ್‌ಬಾಕ್ಸ್ ಇಳಿಸಿದಾಗ ಗೊತ್ತಾಯಿತು, ಪ್ಲೇಟನ್ನು ತಿರುಗಾಮುರುಗಾ ಕೂರಿಸಿದ್ದರು. ಸ್ಪ್ರಿಂಗ್ ಉಬ್ಬಿರುವ ಮುಖ ಸಾಮಾನ್ಯವಾಗಿ ಗೇರ್‌ಬಾಕ್ಸ್ ಕಡೆ ಇರಬೇಕು. ನನ್ನದರಲ್ಲಿ ಅದು ಫ್ಲೈವೀಲಿನ ಬೋಲ್ಟ್‌ಗಳಿಗೆ ಉಜ್ಜಿ ಹೊಳೆಯುತ್ತಿತ್ತು. ಎರಡು ದಿನದ ಕೂಲಿ ಮತ್ತೆ ಕೊಟ್ಟೆ, ಬಹಳ ಬೇಸರವಾಯಿತು.

ನಿಮ್ಮದನ್ನೂ ಇಳಿಸಬೇಕಾಗಿ ಬಂದರೆ ಪಕ್ಕದಲ್ಲೇ ನಿಂತು ನೋಡಿ. ಹೊಸ ಪ್ಲೇಟ್ ಗೇರ್‌ಬಾಕ್ಸ್ ಶಾಫ್ಟಿನ ಮೇಲೆ ಕೈಯಿಂದಲೇ ಸಲೀಸಾಗಿ ಜಾರಬೇಕು. ಕಂಪನಿಯದಲ್ಲದ ಸೆಟ್ಟುಗಳಲ್ಲಿ ಸ್ಪ್ಲೈನ್ (ಶಾಫ್ಟಿನ ಗೀರುಗಳಿಗೆ ಕೂರುವ ಪ್ಲೇಟಿನ ಒಳಹಲ್ಲು) ಬಿಗಿ ಇದ್ದರೆ ಪ್ಲೇಟ್ ಅಲ್ಲೇ ಅಂಟಿಕೊಳ್ಳುತ್ತದೆ. ಅಲ್ಲಿಗೆ ತೆಳ್ಳಗೆ ಗ್ರೀಸ್ ಸಾಕು. ಗೇರ್‌ಬಾಕ್ಸ್ ಏರಿಸುವಾಗ ಅದರ ಭಾರ ಪ್ಲೇಟಿನ ಮೇಲೆ ನೇತಾಡಲು ಬಿಡಲೇಬಾರದು, ಪ್ಲೇಟ್ ಬಾಗುತ್ತದೆ. ಬಾಗಿದ ಪ್ಲೇಟಿಗೆ ಕೇಬಲಿನಲ್ಲಿ ಔಷಧಿ ಇಲ್ಲ.

ಮೊದಲು ಕೇಬಲ್ ಮಾಡಿ ನೋಡಿ. ಆಮೇಲೂ ಕರ್ರ್ ಎಂದರೆ, ಪೆಡಲ್ ಒತ್ತಿದಾಗ ರಿಲೀಸ್ ಲಿವರ್ ತುದಿ ಎಷ್ಟು ಮಿಲಿಮೀಟರ್ ಸರಿಯುತ್ತದೆ ಅಂತ ಅಳೆದು ತಿಳಿಸಿ.