ವಿಕ್ರಾಂತ್ ಪೂರ್ವದಲ್ಲಿದ್ದರೂ ಅಲಿಜೆ ಪಶ್ಚಿಮದಲ್ಲಿ ಉರುಳಿದ್ದು ಹೇಗೆ?

1971ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ವಿಕ್ರಾಂತ್ ವಿಮಾನವಾಹಕ ನೌಕೆ ಬಂಗಾಳ ಕೊಲ್ಲಿಯಲ್ಲಿದ್ದಾಗ, ಅದರ ಮೇಲಿಂದ ಹಾರುವ ಜಲಾಂತರ್ಗಾಮಿ ಬೇಟೆಯ ಅಲಿಜೆ ವಿಮಾನವೊಂದು ಅರಬ್ಬೀ ಸಮುದ್ರದಲ್ಲಿ ಪತನವಾದದ್ದು ಹೇಗೆ, ಅದು ತಪ್ಪಿಸಿಕೊಳ್ಳಲು ಸಾಧ್ಯವಿರಲಿಲ್ಲವೇ ಎಂದು ಕೇಳಿದ್ದೀರಿ. ದಾವಣಗೆರೆಯಲ್ಲಿ ಕುಳಿತು ಬಹಳ ವರ್ಷಗಳಿಂದ ಈ ಘಟನೆಯ ಬಗ್ಗೆ ಓದುತ್ತಾ ಬಂದಿರುವುದರಿಂದ ಉತ್ತರಿಸುತ್ತಿದ್ದೇನೆ.

ಅಲಿಜೆಗಳನ್ನು ಹಾರಿಸುತ್ತಿದ್ದ 310ನೇ ನೌಕಾ ವಾಯುದಳದ ಎಲ್ಲ ವಿಮಾನಗಳೂ ವಿಕ್ರಾಂತ್ ಮೇಲೆ ಹೋಗಿರಲಿಲ್ಲ. ಕೆಲವು ಪಶ್ಚಿಮ ಕರಾವಳಿಯಲ್ಲೇ ಉಳಿದು, ನೆಲದ ನೆಲೆಗಳಿಂದ ಹಾರುತ್ತಿದ್ದವು. ಡಿಸೆಂಬರ್ 9ರ ರಾತ್ರಿ ದಿಯು ಬಳಿ ಪಾಕಿಸ್ತಾನದ ಹ್ಯಾಂಗೋರ್ ಜಲಾಂತರ್ಗಾಮಿ ನಮ್ಮ ಖುಕ್ರಿ ನೌಕೆಯನ್ನು ಮುಳುಗಿಸಿತು. 18 ಅಧಿಕಾರಿಗಳೂ 176 ನಾವಿಕರೂ ಅದರೊಂದಿಗೆ ಹೋದರು. ಮರುದಿನ, 10ರಂದು, ಲೆಫ್ಟಿನೆಂಟ್ ಕಮಾಂಡರ್ ಅಶೋಕ್ ರಾಯ್, ಲೆಫ್ಟಿನೆಂಟ್ ಎಚ್.ಎಸ್. ಸಿರೋಹಿ ಮತ್ತು ಓ. ವಿಜಯನ್ ಇದ್ದ ಅಲಿಜೆಯನ್ನು ಪಾಕಿಸ್ತಾನ ವಾಯುಪಡೆಯ ಎಫ್-104 ಸ್ಟಾರ್‌ಫೈಟರ್ ಎಂಬ ಯುದ್ಧ ಜೆಟ್ ಹೊಡೆದುರುಳಿಸಿತು. ಮೂವರೂ ಮರಳಲಿಲ್ಲ.

ತಪ್ಪಿಸಿಕೊಳ್ಳುವ ಪ್ರಶ್ನೆಗೆ ವಿಮಾನವನ್ನು ನೋಡಿದರೆ ಉತ್ತರ ಸಿಗುತ್ತದೆ. ಗೋವಾದ ನೌಕಾ ವಾಯುಯಾನ ವಸ್ತುಸಂಗ್ರಹಾಲಯದಲ್ಲಿ ಒಂದು ಅಲಿಜೆ ಇದೆ. ಅದರ ಹೊಟ್ಟೆಯ ಕೆಳಗೆ ಬಹಳ ಹೊತ್ತು ನಿಂತಿದ್ದೆ. ರಾಡಾರನ್ನು ಅಡಗಿಸಿಕೊಂಡ ಗುಮ್ಮಟ ಅಲ್ಲಿಂದಲೇ ಹಾರಾಟದಲ್ಲಿ ಕೆಳಗಿಳಿಯುತ್ತದೆ. ನೀರಿನ ಮೇಲೆ ಗೇಣುದ್ದ ತಲೆ ಎತ್ತುವ ಜಲಾಂತರ್ಗಾಮಿಯ ಪೆರಿಸ್ಕೋಪನ್ನು (ನೋಡುವ ಕೊಳವೆಯನ್ನು) ಹುಡುಕಬೇಕಾದ ವಿಮಾನ ತಗ್ಗಿನಲ್ಲಿ, ನಿಧಾನವಾಗಿ, ಗಂಟೆಗಟ್ಟಲೆ ಒಂದೇ ಪ್ರದೇಶದ ಮೇಲೆ ಸುತ್ತಬೇಕಾಗುತ್ತದೆ. ಮೂವರ ಗಮನವೂ ಕಡಲಿನ ಮೇಲೆಯೇ ನೆಟ್ಟಿರುತ್ತದೆ. ಮೂಗಿನಲ್ಲಿ ಪ್ರೊಪೆಲರ್ ತಿರುಗಿಸುವ ಒಂದೇ ಟರ್ಬೊಪ್ರಾಪ್ ಎಂಜಿನ್, ಗರಿಷ್ಠ ವೇಗ ಗಂಟೆಗೆ ಸುಮಾರು 500 ಕಿ.ಮೀ. ದಾವಣಗೆರೆಯಿಂದ ಚಿತ್ರದುರ್ಗದ ಸುಮಾರು 60 ಕಿ.ಮೀ. ದೂರಕ್ಕೆ ಅದಕ್ಕೆ ಏಳು ನಿಮಿಷ ಬೇಕು. ಎತ್ತರದಲ್ಲಿ ಶಬ್ದದ ಎರಡು ಪಟ್ಟು ವೇಗ ಮುಟ್ಟುವ ಸ್ಟಾರ್‌ಫೈಟರಿಗೆ ಎರಡು ನಿಮಿಷ ಸಾಕು. ಜಲಾಂತರ್ಗಾಮಿ ಬೇಟೆಗೆಂದು ಮಾಡಿದ ಅಲಿಜೆಯ ಬಳಿ ಜೆಟ್ ಕಾಳಗಕ್ಕೆ ತಕ್ಕ ಅಸ್ತ್ರವೂ ಇರಲಿಲ್ಲ.

ಹೀಗಾಗಿ ಇದನ್ನು ಚಾಲಕರ ಎಚ್ಚರಗೇಡಿತನ ಎಂದು ಬರೆಯುವವರನ್ನು ನಾನು ಒಪ್ಪುವುದಿಲ್ಲ. ಬೆಂಗಾವಲಿಗೆ ಯುದ್ಧ ವಿಮಾನವಿಲ್ಲದೆ, ಶತ್ರು ಜೆಟ್‌ಗಳು ಬರಬಲ್ಲ ಕಡಲಿನ ಮೇಲೆ ಇಂಥ ವಿಮಾನ ಹಾರಬೇಕಾಗಿ ಬಂದದ್ದೇ ನನ್ನ ಪ್ರಕಾರ ಮೂಲ ಕಾರಣ. ವಿಕ್ರಾಂತ್ ಮೇಲಿದ್ದ ಸೀ ಹಾಕ್ ಜೆಟ್‌ಗಳು ಆಗ ಪೂರ್ವದಲ್ಲಿದ್ದವು. ಗೋವಾಕ್ಕೆ ಹೋದರೆ ಆ ವಿಮಾನದ ಒಳಗಿನ ಆಸನಗಳ ಜೋಡಣೆಯನ್ನು ದಯವಿಟ್ಟು ಗಮನಿಸಿ: ಇಬ್ಬರು ಮುಂದೆ ಅಕ್ಕಪಕ್ಕ, ಮೂರನೆಯವರು ಅವರ ಹಿಂದೆ ತಮ್ಮ ಉಪಕರಣಗಳ ಎದುರು.