ಹಿಡಿತ ಬಿಟ್ಟ ಕೋಶಗಳು

ಪ್ರಶ್ನೆ: ಕ್ಯಾನ್ಸರ್ ಕೋಶಗಳು ಹುಟ್ಟಿದ ಜಾಗ ಬಿಟ್ಟು ಹರಡುವುದು ಹೇಗೆ?

ಉತ್ತರ: ಜಠರದ ಒಳಪದರದಂಥ ಕಡೆಗಳಲ್ಲಿ ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವುದು ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನು. ನ್ಯೂಜಿಲೆಂಡಿನ ಮೂಲನಿವಾಸಿ ಮಾವೋರಿ ಜನಾಂಗದ ಕುಟುಂಬವೊಂದನ್ನು ತಲೆಮಾರುಗಳಿಂದ ಕಾಡುತ್ತಿದ್ದ ಜಠರದ ಕ್ಯಾನ್ಸರಿಗೆ ಇದರ ಜೀನಿನಲ್ಲಿದ್ದ ದೋಷವೇ ಮೂಲವೆಂದು 1998ರಲ್ಲಿ ತಿಳಿದುಬಂತು. ಈ ಬಗೆಯ ಕ್ಯಾನ್ಸರಿನಲ್ಲಿ ಹಿಡಿತ ತಪ್ಪಿದ ಕೋಶಗಳು ಗಡ್ಡೆ ಕಟ್ಟದೆ ಬಿಡಿಬಿಡಿಯಾಗಿ ಜಠರದ ಗೋಡೆಯೊಳಗೆ ನುಸುಳುವುದರಿಂದ, ಆರಂಭದಲ್ಲಿ ಎಂಡೋಸ್ಕೋಪಿಗೂ ಸಿಗದೆ ಉಳಿಯಬಹುದು.

ಆದರೆ ಬಿಡಿಸಿಕೊಂಡರಷ್ಟೇ ಸಾಲದು, ಚಲಿಸಲು ಹಿಡಿತವೂ ಬೇಕು. ಕೋಶದ ಮೈಮೇಲಿರುವ ಇಂಟೆಗ್ರಿನ್ ಎಂಬ ಗ್ರಾಹಕ ಪ್ರೋಟೀನುಗಳು ಮುಂಭಾಗದಲ್ಲಿ ಕೋಶದ ಹೊರಗಿನ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳನ್ನು ಹಿಡಿದು, ಕೋಶದೊಳಗೆ ಚಲನೆಗೆ ನೆರವಾಗುವ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳಿಗೆ ಜೋಡಿಸಿದರೆ, ಹಿಂಭಾಗದಲ್ಲಿ ಹಿಡಿತ ಸಡಿಲಗೊಳ್ಳುತ್ತದೆ. ತೆಂಗಿನಮರ ಹತ್ತುವವರ ಕೈಕಾಲಿನ ಕೆಲಸವೂ ಹೆಚ್ಚುಕಡಿಮೆ ಹೀಗೆಯೇ. ಹಿಡಿತ ತೀರ ಬಿಗಿಯಾದರೂ ಕೋಶ ಮುಂದೆ ಸಾಗದು. ಅಂದಹಾಗೆ, ಇ-ಕ್ಯಾಡ್ಹೆರಿನ್ ಕಳೆದುಕೊಳ್ಳದೆ ಗುಂಪಾಗಿಯೇ ಹೊರಡುವ ಸ್ತನ ಕ್ಯಾನ್ಸರ್ ಕೋಶಗಳೂ ಇವೆ.